ಮೋಟ್ರು ಮನೆಯಿಂದ ಓರಗಿತ್ತಿಗೆ

"ಹಲೋ... ಹಲೋ... ಯಾರು ಮಾತಾಡ್ತಿರೋದು? ರೂಪಾನಾ? ರೂಪಾ, ನೀನೇನಾ?"

ಸುನಿತಾ ಪಿಸುಗುಡುತ್ತಿದ್ದಳು. ಗಂಡ ಸಂತೋಷನಿಗೆ ಮೂರು ಸಲ ಫೋನು ಮಾಡಿ ಆಗಿತ್ತು. ಹಾಲಿನ ವ್ಯಾನು ಓಡಿಸುತ್ತ ಮದ್ದೂರಿನ ದಾರಿಯಲ್ಲಿದ್ದ ಅವನು ಎತ್ತಲಿಲ್ಲ. ನಾಲ್ಕನೆಯ ಸಲ ಬೆರಳು ಯಾವ ಹೆಸರು ಒತ್ತಿತೋ ಅವಳಿಗೇ ತಿಳಿಯಲಿಲ್ಲ. ಆ ಕಡೆ ಎತ್ತಿದವಳು ಮೈದುನನ ಹೆಂಡತಿ ರೂಪ. ಪೂರಿಗಾಲಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹತ್ತು ತಿಂಗಳಿಂದ ಆ ಗೋಡೆಯ ಆಚೆಗೂ ಈಚೆಗೂ ಮಾತು ಹೋಗಿರಲಿಲ್ಲ, ಬಂದಿರಲಿಲ್ಲ.

...

"ಮಡಗ್ಬೇಡ ಕಣೆ! ಫೋನು ಮಡಗ್ಬೇಡ. ನಿನ್ ಕಾಲಿಗೆ ಬೀಳ್ತೀನಿ... ಹಾಂ, ಜೋರಾಗಿ ಮಾತಾಡಕ್ಕಾಗಲ್ಲ. ಇಲ್ಲೇ ಐತೆ. ಬಾಗ್ಲಾಚೆಗೇ ಐತೆ... ಏನು ಅಂದ್ರೆ? ಚಿರ್ತೆ ಕಣೆ, ಚಿರ್ತೆ!"

...

"ಕೆಂಪಯ್ಯನೋರ ಮೋಟ್ರು ಮನೇಲಿ. ಊಂ, ನಾಲೆ ಆಚೆದು. ಎಮ್ಮೆಗೆ ಉಲ್ಲು ಕುಯ್ಕೊಂಡು ಓಗವಾ ಅಂತ ಬಂದೆ. ಕಬ್ಬಿನ ಸಾಲೊಳ್ಗೆ ಬೆಕ್ಕಿನ ಮರಿ ಕೂಗ್ದಂಗಾಯ್ತು. ತರಗು ಸರಿಸಿ ನೋಡ್ತೀನಿ, ಎಲ್ಡು ಮರಿ. ಇನ್ನೂ ಕಣ್ಣೇ ಬುಟ್ಟಿಲ್ಲ... ಅದ್ರವೇ ಕಣೆ, ಚಿರ್ತೆ ಮರಿ. ತಾಯಿ ಇಂದ್ಗಡೆ ನಿಂತಿತ್ತು."

ಕಬ್ಬಿನ ಗದ್ದೆಯಿಂದ ಮೋಟರು ಮನೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ಹೇಗೆ ಓಡಿದಳೋ ಸುನಿತಾಳಿಗೆ ನೆನಪಿಲ್ಲ. ಕುಡುಗೋಲು ಅಲ್ಲೆಲ್ಲೋ ಬಿತ್ತು, ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ತಗಡಿನ ಬಾಗಿಲು ದೂಡಿ ಮುಚ್ಚಿದ ಮೇಲೆ ನೋಡಿದರೆ ಚಿಲಕವಿಲ್ಲ. ಚಿಲಕ ಇದ್ದ ಜಾಗದಲ್ಲಿ ಎರಡು ತೂತು. ಈಗ ಬೆನ್ನನ್ನು ಬಾಗಿಲಿಗೆ ಒತ್ತಿ, ಕಾಲೆರಡನ್ನೂ ಮೋಟರಿನ ಸಿಮೆಂಟು ಕಟ್ಟೆಗೆ ಕೊಟ್ಟು ಕೂತಿದ್ದಳು. ಪಕ್ಕದ ಗಾಳಿಕಂಡಿಯಲ್ಲಿ ಕತ್ತು ನೀಡಿದರೆ ನೀರಿನ ತೊಟ್ಟಿ ಕಾಣುತ್ತಿತ್ತು. ತೊಟ್ಟಿಯ ಮಗ್ಗುಲಲ್ಲಿ, ಹತ್ತು ಗಂಟೆಯ ಬಿಸಿಲಿನಲ್ಲಿ, ಅದು.

...

"ಓಯ್ತಾ ಇಲ್ಲ ಕಣೆ. ಸುತ್ತಾ ಐತೆ. ಒಂದ್ಸಲ ಮರಿ ತಾವ ಓಯ್ತದೆ, ತಿರ್ಗಾ ಇಲ್ಲಿಗೆ ಬತ್ತದೆ. ಮೂಸ್ತದೆ... ನಾನೆಲ್ಲಿ ಮುಟ್ದೆ? ಆಣೆಗೂ ಮುಟ್ಟಿಲ್ಲ. ಮರಿ ಕಂಡು ಅಂಗೇ ನಿಂತ್ಬುಟ್ಟೆ ಅಷ್ಟೇ."

...

"ರೂಪಾ? ಇದ್ದೀಯಾ? ಯಾಕೆ ಸುಮ್ಕಾದೆ?"

ಮರಿ ಎಂಬ ಮಾತಿಗೆ ಆ ಕಡೆ ದನಿ ನಿಂತಿತ್ತು. ಯಾಕೆ ನಿಂತಿತೆಂದು ಸುನಿತಾಳಿಗೆ ಗೊತ್ತಿತ್ತು.

ಹೋದ ವರ್ಷ ಆರು ತಿಂಗಳಾಗಿದ್ದ ರೂಪಳ ಬಸುರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಹದಿನೈದನೆಯ ದಿನ ಅವಳು ಮಳವಳ್ಳಿಯ ಚರ್ಚಿನ ಸಭೆಗೆ ಬಂದು ಹೆಂಗಸರ ಪ್ರಾರ್ಥನೆಯಲ್ಲಿ ಹಿಂದಿನ ಚಾಪೆಯ ಮೇಲೆ ಕೂತಿದ್ದಳು. ಅವತ್ತು ಬೈಬಲ್ಲಿನ ವಾಕ್ಯ ಹೇಳುವ ಸರದಿ ಸುನಿತಾಳದು. ಸಾಸಿವೆ ಕಾಳಿನಷ್ಟು ನಂಬಿಕೆಯ ವಿಷಯ ಹೇಳುತ್ತ ಹೇಳುತ್ತ, ಓರಗಿತ್ತಿಯ ಕಡೆ ತಿರುಗಿ, "ನಮ್ಮ ಮನೇಲೇ ನೋಡಿ, ನಂಬಿಕೆ ಗಟ್ಟಿಯಾಗಿದ್ದಿದ್ರೆ ಕರ್ತನು ಕೂಸನ್ನ ಉಳಿಸ್ತಿದ್ದ" ಅಂದಿದ್ದಳು. ಮೂವತ್ತು ಹೆಂಗಸರು ಕೇಳಿಸಿಕೊಂಡರು. ರೂಪ ಎದ್ದು, ಸೆರಗು ಸರಿಮಾಡಿಕೊಂಡು, ಹೊರಗೆ ನಡೆದಳು. ಆಮೇಲೂ ಸುನಿತಾ ದಿನಾ ಬೆಳಗಾದರೆ ಸಭೆಯ ವಾಟ್ಸಾಪ್ ಗುಂಪಿಗೆ ವಾಕ್ಯ ಕಳಿಸುವುದು ಬಿಡಲಿಲ್ಲ. ರೂಪ ಆ ಗುಂಪು ಬಿಟ್ಟಿದ್ದಳು.

...

"ಹಾಂ... ಹಾಂ, ಕೇಳ್ತಾ ಐತೆ. ಕೆಂಪಯ್ಯನೋರ ಮನೆಗೆ ಓಡು. ಟ್ಯಾಕ್ಟ್ರು ತರಕ್ಕೇಳು. ಫಾರೆಸ್ಟ್‌ನೋರಿಗೂ ಒಂದು ಫೋನು ಮಾಡ್ಸು... ಅವ್ರು ಬರೋದು ಒಂದು ಗಂಟೆ ಆಯ್ತದಾ? ಅಯ್ಯೋ, ಒಂದು ಗಂಟೆ ಈ ಬಾಗ್ಲು ತಡ್ಯಲ್ಲ ಕಣೆ. ತಗಡು. ಬೆನ್ನು ಕೊಟ್ಟು ಕೂತಿವ್ನಿ."

...

"ಪ್ರಾರ್ಥನೇನಾ? ಮಾಡಕ್ಕಾಯ್ತಾ ಇಲ್ಲ. ಬೆಳಿಗ್ಗೆ ಎಲ್ಲಾರ್ಗೂ ಕಳ್ಸಿವ್ನಿ, ಭಯಪಡಬೇಡ ಅಂತ. ಅದ್ರ ಮುಂದಿಂದು ಏನು ಅಂತ್ಲೇ ನೆಪ್ಪಾಯ್ತಾ ಇಲ್ಲ. ನಾಲ್ಗೆ ಒಣಗೋಗೈತೆ... ಏನಂದೆ? ವಾಕ್ಯ ಆಮೇಲೆ, ಮೊದ್ಲು ಬಾಗ್ಲಿಗೆ ಏನಾರ ಇಕ್ಕು ಅಂತೀಯಾ? ಏನಿಕ್ಲಿ? ಇಲ್ಲಿ ಒಂದು ಪೈಪಿನ ತುಂಡು ಐತೆ. ಗೊಬ್ರದ ಚೀಲ ಐತೆ, ಅರ್ಧ... ಹಾಂ, ಎಳ್ಕತೀನಿ. ತಡಿ. ಸಬ್ದ ಆಗ್ದಂಗೆ ಎಳಿಬೇಕಲ್ಲ..."

ಒಂದು ಕಾಲಿನಿಂದ ಚೀಲವನ್ನು ಗೇಣು ಗೇಣಾಗಿ ಎಳೆದುಕೊಂಡಳು. ಚೀಲ ನೆಲಕ್ಕೆ ಉಜ್ಜಿದ ಸದ್ದಿಗೆ ತೊಟ್ಟಿಯ ಹತ್ತಿರ ಕಿವಿ ಎರಡು ನಿಮಿರಿದವು. ಅವಳು ಉಸಿರು ಹಿಡಿದಳು. ರವಿಕೆ ಬೆವರಿನಲ್ಲಿ ತೊಯ್ದು ತಗಡಿಗೆ ಅಂಟಿತ್ತು. ಕಿವಿಗಳು ಮತ್ತೆ ಮರಿಗಳ ಕಡೆಗೆ ತಿರುಗಿದವು.

...

"ಇಕ್ದೆ... ಊಂ. ರೂಪಾ, ಇದು ಶಿಕ್ಷೆ ಕಣೆ. ಕರ್ತ ನಂಗೆ ಶಿಕ್ಷೆ ಕೊಡ್ತಾವ್ನೆ. ಅವತ್ತು ಸಭೇಲಿ ನಾನು ಅಂಗಂದ್ನಲ್ಲ, ಅದಕ್ಕೇ... ಇಲ್ಲ, ನನ್ ಪಾಪಾನೇ ಇದು. ಇಲ್ದಿದ್ರೆ ಇಷ್ಟೊಂದು ಗದ್ದೆ ಬುಟ್ಟು ನಾನು ಬಂದ ಸಾಲ್ಗೇ ಯಾಕೆ..."

...

"ಏನಂದೆ?... ಚಿರ್ತೆ ಮರಿ ಆಕಿದ್ದು ನನ್ ಪಾಪ ನೋಡ್ಕಂಡಲ್ವಾ?... ಊಂ. ಊಂ... ನಿಂಗೆ ಸುಳ್ಳಾಗಿದ್ದು ನಂಗೆ ಎಂಗೆ ನಿಜ ಆಯ್ತದೆ ಅಂತೀಯಾ?"

ಸುನಿತಾ ಹಣೆಯನ್ನು ಮೊಣಕಾಲಿಗೆ ಒತ್ತಿದಳು. ರೂಪಳ ಮೇಲೆ ತಾನು ಹೊರಿಸಿದ್ದ ಮಾತನ್ನು ಈಗ ತನ್ನ ಮೇಲೆ ತಾನೇ ಹೊರಿಸಿಕೊಳ್ಳಲು ಹೋದರೆ, ಅವಳೇ ಅದನ್ನು ಇಳಿಸುತ್ತಿದ್ದಳು.

...

"ತಪ್ಪಾಯ್ತು ಕಣೆ ರೂಪಾ... ಈಗ ಬೇಡ್ವಾ? ಎದ್ರಿಕೇಲಿ ಕೇಳೋ ತಪ್ಪು ಬೇಡ್ವಾ?... ಆಗ್ಲಿ. ಆಗ್ಲಿ ಬುಡು... ಯಾಕೆ ಏದುಸ್ರು ಬುಡ್ತಾ ಇದ್ದೀಯ? ಓಡ್ತಾ ಇದ್ದೀಯಾ? ಕೆಂಪಯ್ಯನೋರು ಸಿಕ್ಕುದ್ರಾ?... ಟ್ಯಾಕ್ಟ್ರು ಎತ್ತಿದ್ರಾ? ಸರಿ. ಸೇತ್ವೆ ಸುತ್ಕಂಡು ಬರ್ಬೇಕು, ಇಪ್ಪತ್ತು ನಿಮ್ಸ. ಹಾಂ. ನೀನು?"

...

"ಕಾಲ್ಸಂಕ ದಾಟಿ ನಾಲೆ ಏರಿ ಮೇಲಾ? ಒಬ್ಳೇನಾ?"

...

"ಬರ್ಬೇಡ! ರೂಪಾ, ಬರ್ಬೇಡ ಕಣೆ, ವಾಪಸ್ ಓಗು! ನಂಗೆ ಏನೂ ಆಗಿಲ್ಲ, ಬಾಗ್ಲು ಗಟ್ಟಿ ಐತೆ. ಸುಳ್ಳೇಳ್ತಾ ಇಲ್ಲ... ತಟ್ಟೆ ಬಡ್ಕಂಡು ಬಂದ್ರೆ ಅದು ಓಡೋಗಲ್ಲ. ಮರಿ ಇಟ್ಕಂಡಿರೋ ತಾಯಿ ಅದು, ಯಾಕೆ ಓಡೋಯ್ತದೆ? ನನ್ ಮಾತು ಕೇಳು ತಾಯಿ... ನನ್ನ ಒಬ್ಳನ್ನೇ ಬುಟ್ಟು ಕಾಯಕ್ಕಾಗಲ್ವಾ? ಕಾದ್ರಾಯ್ತದೆ, ನಾನು ಕಾಯ್ತೀನಿ!"

ತಟ್ಟೆಯ ಸದ್ದು ಅವಳಿಗೂ ಕೇಳಿಸಿತು. ಫೋನಿನಲ್ಲಿ ಒಮ್ಮೆ, ಗಾಳಿಕಂಡಿಯಲ್ಲಿ ಇನ್ನೊಮ್ಮೆ. ಟಣ್, ಟಣ್, ಟಣ್. ದೂರದಲ್ಲಿ, ನಾಲೆಯ ಏರಿಯ ಮೇಲೆ.

ಚಿರತೆಗೂ ಕೇಳಿಸಿತು. ಅದು ಎದ್ದು ನಿಂತಿತು. ಮೋಟರು ಮನೆಯನ್ನು ಮರೆತೇ ಬಿಟ್ಟಂತೆ ಕತ್ತನ್ನು ತಗ್ಗಿಸಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಏರಿಯ ಕಡೆಗೆ ಹೊರಟಿತು.

...

"ರೂಪಾ, ನಿಂತ್ಕೊ. ಅಲ್ಲೇ ನಿಂತ್ಕೊ. ಬಡೀಬೇಡ. ಅದು ನಿನ್ ಕಡೀಕೇ ಬತ್ತಾ ಐತೆ... ಹಲೋ? ಹಲೋ? ತಟ್ಟೆ ಸಬ್ದದಲ್ಲಿ ಕೇಳಿಸ್ತಾ ಇಲ್ವಾ? ರೂಪಾ!"

ಕೇಳಿಸುತ್ತಿರಲಿಲ್ಲ. ಟಣ್ ಟಣ್ ಹತ್ತಿರವಾಗುತ್ತಲೇ ಇತ್ತು. ಗಾಳಿಕಂಡಿಯಲ್ಲಿ ಬಾಲದ ತುದಿ ಮಾತ್ರ ಕಂಡಿತು, ಅದೂ ಹುಲ್ಲಿನಲ್ಲಿ ಮುಳುಗುತ್ತಿತ್ತು.

ಸುನಿತಾ ಆಮೇಲೆ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಯೋಚಿಸಿದ್ದರೆ ಕೂತಲ್ಲೇ ಕೂತಿರುತ್ತಿದ್ದಳು. ಫೋನನ್ನು ರವಿಕೆಯೊಳಕ್ಕೆ ತುರುಕಿ, ಪೈಪಿನ ತುಂಡು ಎತ್ತಿಕೊಂಡು, ತಗಡಿನ ಬಾಗಿಲನ್ನು ಎರಡೂ ಕೈಯಿಂದ ಬಡಿಯತೊಡಗಿದಳು.

"ಬಾ ಇಲ್ಲಿ! ಬಾ! ಇಲ್ಲಿವ್ನಿ ನೋಡು! ನಿನ್ ಮರಿ ತಾವ ಬಂದೋಳು ನಾನು! ಅವ್ಳಲ್ಲ, ನಾನು! ಬಾ!"

ತಗಡಿನ ಸದ್ದು ಗದ್ದೆ ಬಯಲಿಗೆಲ್ಲ ಹರಡಿತು. ಏರಿಯ ಮೇಲಿನ ತಟ್ಟೆ ನಿಂತಿತು. ಸುನಿತಾಳ ಕೂಗು ನಿಲ್ಲಲಿಲ್ಲ. ಹುಲ್ಲು ಸೀಳಿಕೊಂಡು ಅದು ವಾಪಸು ಬಂದದ್ದನ್ನು ಅವಳು ನೋಡಿದಳು. ಈ ಸಲ ನಡೆದು ಬರಲಿಲ್ಲ. ಹಾರಿ ಬಂತು.

ಬೆನ್ನು ಕೊಡುವುದಕ್ಕೂ ಬಾಗಿಲಿಗೆ ಏಟು ಬೀಳುವುದಕ್ಕೂ ಸರಿಹೋಯಿತು. ಗೊಬ್ಬರದ ಚೀಲ ಒಂದು ಮೊಳ ಸರಿಯಿತು. ಬಾಗಿಲ ಸಂದಿಯಲ್ಲಿ ಉಗುರು ತೂರಿ, ತಗಡನ್ನು ಪರಪರ ಕೆರೆಯಿತು. ಮೈಯೆಲ್ಲ ಹರಡುವ ಅದರ ಗುರುಗುಟ್ಟುವಿಕೆ ಅವಳ ಬೆನ್ನೆಲುಬಿನಲ್ಲೇ ಹುಟ್ಟುತ್ತಿರುವಂತಿತ್ತು. ಎರಡನೆಯ ಏಟು. ಮೂರನೆಯದು. ಸುನಿತಾ ಕಣ್ಣು ಮುಚ್ಚಿ ಕಾಲು ನೆಟ್ಟಗೆ ಮಾಡಿ ತಳ್ಳಿದಳು. ಕಾಲು ಮಡಿಸಲಿಲ್ಲ.

ರವಿಕೆಯೊಳಗಿಂದ ಫೋನು ಕೂಗುತ್ತಿತ್ತು. ಹೊರತೆಗೆದು ಕಿವಿಗೆ ಒತ್ತಿಕೊಂಡಳು.

...

"ಹಾಂ... ಬದ್ಕಿವ್ನಿ. ನೀನೆಲ್ಲಿದ್ದೀಯ? ಏರಿ ಇಳೀಬೇಡ... ಏನಂದೆ? ಅಕ್ಕ ಅಂದ್ಯಾ?... ಇಲ್ಲ, ಬಾಗ್ಲು ಇನ್ನೂ ನಿಂತೈತೆ. ಮಾತಾಡ್ತಿರು. ನೀನು ಏನಾರ ಏಳ್ತಿರು, ನಂಗೆ ಆಗ್ತಾ ಇಲ್ಲ... ಊಂ. 'ಕತ್ಲೆ ಕಣಿವೇಲಿ ನಡುದ್ರೂವೆ...' ಊಂ. 'ಕೇಡಿಗೆ ಎದ್ರಲ್ಲ...' ಇಲ್ಲ ಕಣೆ, ಎದ್ರಿಕೆ ಆಯ್ತಾ ಐತೆ, ಬಾಳ ಆಯ್ತಾ ಐತೆ... ಏಳು, ಮುಂದ್ಕೆ ಏಳು. 'ನೀನು ನನ್ ಸಂಗ್ಡ ಇದ್ದೀ.' ಊಂ. ಇನ್ನೊಂದ್ಸಲ ಏಳು."

ರೂಪ ಇನ್ನೊಂದು ಸಲ ಹೇಳಿದಳು. ಮತ್ತೊಂದು ಸಲವೂ ಹೇಳಿದಳು. ಗುಂಪು ಬಿಟ್ಟವಳಿಗೆ ಕೀರ್ತನೆ ಪೂರಾ ನೆನಪಿತ್ತು.

ಅಷ್ಟರಲ್ಲಿ ಸೇತುವೆಯ ಕಡೆಯಿಂದ ಟ್ರ್ಯಾಕ್ಟರಿನ ಹಾರನ್ನು ಕೇಳಿಸಿತು. ಕೆಂಪಯ್ಯ ಒತ್ತಿದ ಕೈ ತೆಗೆಯದೆ ಒತ್ತುತ್ತಿದ್ದರು. ಹಿಂದೆಯೇ ಐದಾರು ಜನರ ಕೂಗು, ಒಂದು ಪಟಾಕಿ ಸರ. ಬಾಗಿಲ ಮೇಲಿನ ಭಾರ ತಟ್ಟನೆ ಇಲ್ಲವಾಯಿತು.

...

"ಓಯ್ತು... ತಡಿ, ನೋಡ್ತೀನಿ. ಮರಿ ತಾವ ಓಯ್ತು. ಬಾಯಲ್ಲಿ ಕಚ್ಕಂತು ಒಂದ. ಕಬ್ಬೊಳಿಕ್ಕೆ ಓಯ್ತಾ ಐತೆ... ಇನ್ನೊಂದು ಅಲ್ಲೇ ಬುಟ್ಟೋಗೈತೆ. ತಿರ್ಗಾ ಬತ್ತದೆ. ಕೆಂಪಯ್ಯನೋರಿಗೆ ಏಳು, ಯಾರೂ ಕಲ್ಲು ಬೀರ್ಬೇಡಿ ಅಂತ... ನೀನೇ ಏಳಿದ್ಯಾ ಆಗ್ಲೇ? ಬೈದ್ಯಾ? ಸರಿ ಬುಡು."

...

"ನಾನು ಈಚ್ಗೆ ಬರ್ಬಾರ್ದಾ? ಎಲ್ಡನೇ ಮರೀನೂ ಎತ್ಕಂಡೋಗೋಗಂಟ? ಆಗ್ಲಿ, ಕೂತಿರ್ತೀನಿ. ನೀನು ಟ್ಯಾಕ್ಟ್ರು ಮೇಲೆ ಅತ್ಕೊ. ಅತ್ತಿದ್ಯಾ? ಕಾಣ್ತಾ ಇದ್ದೀಯ. ಅಸ್ರು ಸೀರೆ."

ಗಾಳಿಕಂಡಿಯಲ್ಲಿ ಕಾಣುತ್ತಿದ್ದಳು. ಟ್ರ್ಯಾಕ್ಟರಿನ ಮೇಲೆ ಕೆಂಪಯ್ಯನ ಹಿಂದೆ ನಿಂತು, ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು. ಸುನಿತಾಳ ಫೋನು ಕುಂಯ್ ಎಂದಿತು. ಚಾರ್ಜು ಮುಗಿಯುತ್ತ ಬಂದಿತ್ತು.

...

"ರೂಪಾ, ಈಗ ಎದ್ರಿಕೆ ಇಲ್ಲ. ಅದು ಓಯ್ತು. ಈಗ ಕೇಳ್ತೀನಿ. ಅವತ್ತು ನಾನು ಅಂದಿದ್ದು ದೇವ್ರ ಮಾತಲ್ಲ. ನನ್ ಮಾತು. ದೇವ್ರ ಎಸ್ರು ಇಟ್ಟು ಅಂದ್ಬುಟ್ಟೆ. ಅಳೋರ ಸಂಗ್ಡ ಅಳಿ ಅಂತ ಬರ್ದೈತೆ. ನಾನು ಅಳ್ನಿಲ್ಲ ಕಣೆ. ಉಪದೇಸ ಮಾಡ್ದೆ... ಬರೋ ಭಾನುವಾರ ಅದೇ ಮೂವತ್ತು ಜನದ ಮುಂದೆ ನಿಂತ್ಕಂಡು ಏಳ್ತೀನಿ, ನಾನು ಅಂದಿದ್ದು ಸುಳ್ಳು ಅಂತ."

...

"ಈಗ್ಲೇ ಕ್ಷಮ್ಸಕ್ಕಾಗಲ್ವಾ?... ಊಂ. ಬ್ಯಾಡ. ಮನಸ್ಸು ಆದಾಗ ಆಗ್ಲಿ. ನಾನೇನು ಬಲವಂತ ಮಾಡಲ್ಲ."

ಸುನಿತಾ ಗಾಳಿಕಂಡಿಗೆ ಇನ್ನೂ ಹತ್ತಿರ ಸರಿದಳು. ಕೇಳಬೇಕಾದ್ದು ಇನ್ನೂ ಒಂದಿತ್ತು. ಹತ್ತು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

...

"ಕೂಸಿಗೆ ಏನಾರ ಎಸ್ರು ಅಂದ್ಕಂಡಿದ್ರಾ, ನೀವಿಬ್ರೂವೆ?"

...

"ದೀಪಿಕ?... ಎಣ್ಣಾ? ಎಣ್ಣು ಕೂಸು ಅಂತ್ಲೂ ನಂಗೆ ಗೊತ್ತಿರ್ನಿಲ್ಲ ಕಣೆ. ಮಗ್ಗುಲ ಮನೇಲಿದ್ದು ಕೇಳ್ನಿಲ್ವಲ್ಲ ನಾನು... ನೋಡಿದ್ಯಾ? ಆಸ್ಪತ್ರೇಲಿ ತೋರಿಸುದ್ರಾ?... ಹಾಂ... ಯಾರಂಗಿತ್ತು?... ಹಾಂ... ಅತ್ತೆಮ್ಮನಂಗಾ? ಮೂಗಾ?... ಅಳು ಕಣೆ. ಅಳು. ಕೆಂಪಯ್ಯನೋರು ಏನೂ ಅನ್ಕಳಲ್ಲ. ನಾನು ಏನೂ ಏಳಲ್ಲ. ಕೇಳಿಸ್ಕಂತಾ ಇವ್ನಿ... ಊಂ... ಊಂ... ಕೈ ಎಷ್ಟುದ್ದ ಇತ್ತು? ಬೆರ್ಳು—"