ಅರ್ಧಕ್ಕೆ ನಿಂತ ಹೊಸ ಪಿಕ್ಚರ್

ಬೇವೂರಿಗೆ ಹೊರಟಿದ್ದ ಬಸ್ಸಿನಲ್ಲಿ ಬಸವಣ್ಣೆಮ್ಮನ ಮುಂದಿನ ಸೀಟಿಗೆ ಇಬ್ಬರು ನೆಗೆಣ್ಣಿಯರು ಬಂದು ಕುಳಿತರು. ಅಣ್ಣನ ಹೆಂಡತಿ ಶೈಲಜಾ, ತಮ್ಮನ ಹೆಂಡತಿ ರೂಪಾ, ಇಬ್ಬರ ಮನೆ ಬೇರೆ ಬೇರೆ ಎಂಬುದು ಟಿಕೆಟ್ ತೆಗೆಸುವಷ್ಟರಲ್ಲೇ ಗೊತ್ತಾಯಿತು. ಕೇಳಬಾರದೆಂದು ಬಸವಣ್ಣೆಮ್ಮ ಕಿಟಕಿಯತ್ತ ಮುಖ ತಿರುಗಿಸಿದಳು. ಕಿವಿ ಮಾತ್ರ ಮುಂದಿನ ಸೀಟಿನಲ್ಲೇ ಇತ್ತು.

“ನಿಮ್ಮ ಭಾವ ಮೊಬೈಲ್ ಆ್ಯಪ್‌ನ್ಯಾಗ ಹೊಸಾ ಪಿಕ್ಚರ್ ಬಾಡಿಗಿ ತಗೊಂಡಾರ. ಟಾಕೀಸಿಗೆ ಹೋಗೂದು ಬ್ಯಾಡ, ಮನ್ಯಾಗ ಮೊದಲ ನಿನಗೇ ತೋರಿಸ್ತೀನಿ ಅಂದಿದ್ರು,” ಎಂದಳು ಶೈಲಜಾ.

“ಬಾಡಿಗಿ? ತಿಂಗಳಾ ರೊಕ್ಕ ಕಟ್ಟೂದಿಲ್ಲೇನಕ್ಕ?”

“ಹೊಸಾದಕ್ಕ ಮ್ಯಾಲ ಬ್ಯಾರೆ ಕೊಡಬೇಕಂತ. ಅದೂ ಎರಡ ದಿನ ಅಷ್ಟ.”

“ಛಲೋ ಇತ್ತೇನು?”

“ಎಲ್ಲಿ ಛಲೋ! ನಿನ್ನೆ ಅದ ಮೊಬೈಲ್ ಟೀವಿಗೆ ಹಚ್ಚಿದ್ರ ಪಿಕ್ಚರ್ ನಡುವಿನಿಂದ ಚಾಲೂ ಆತು. ಯಾವ ಟೀವಿಗೆ ಹಚ್ಚಿದ್ರೂ ಬಿಟ್ಟಲ್ಲಿಂದನ ಚಾಲೂ ಆಗ್ತೈತಿ ಅದು. ಯಾರೋ ಮೊದಲೇ ಅರ್ಧ ನೋಡಿ ಬಿಟ್ಟಾರ.”

“ಟೀವಿ ಕೆಟ್ಟಿರಬೇಕು.”

“ಅವರೂ ಹಂಗ ಅಂದ್ರು. ಮೊನ್ನೆ ಸಂಜಿಕ ಅವ್ವನ್ನ ನೋಡಿ ಬರ್ತೀನಿ ಅಂತ ನಿಮ್ಮನಿಗೆ ಬಂದಿದ್ರಲ್ಲ?”

“ಬಂದಿದ್ರು. ಚಾ ಕುಡದು ಹೋದ್ರು.”

“ಮತ್ತ ಮದುವಿ ಹಾಡಿನ್ಯಾಗ ಯಾಕ ನಿಂತಿತ್ತು? ಹಾಡು ಬಿಟ್ಟು ಯಾರರ ಏಳ್ತಾರೇನು?”

“ಏಳೂದಿಲ್ಲಕ್ಕ, ಕರೆಂಟ್ ಹೋತು…”

ರೂಪಾ ಗಪ್ಪನೆ ಸೆರಗಿನಿಂದ ಬಾಯಿ ಒತ್ತಿಕೊಂಡಳು.

“ಯಾರ ಮನ್ಯಾಗ?” ಶೈಲಜಾ ಕೇಳಿದಳು.

ಬೇವೂರು ಇನ್ನೂ ದೂರವಿತ್ತು. ಆದರೂ ರೂಪಾ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

ಶೈಲಜಾಳೂ ಬೆನ್ನಿಗೇ ಎದ್ದಳು. “ಓಡಬ್ಯಾಡ ನಿಂದ್ರು. ಅತ್ತೀನೂ ಮುಂದ ಕುಂದ್ರಿಸಿಕೊಂಡು ನೋಡೀರೇನು?”