ಮದ್ದಿನ ಮನಿಯ ಆರತಿ

ಮುಂದಕ್ಕ ಸರದು ಕುಂದರ್ರಿ, ಕೇಳ್ರಿ. ಹಿಂದಕೊಂದು ಕಾಲದಾಗ, ಹೆಸರಿಲ್ಲದ ಒಂದು ನಾಡಿನಾಗ, ಗಂಗಿಮಾಳವ್ವ ಅಂತ ಒಬ್ಬಾಕಿ ಸೂಲಗಿತ್ತಿ ಇದ್ಳು. ಊರಾಗಿನ ಮಕ್ಕಳೆಲ್ಲ ಆಕಿ ಕೈಯಾಗ ಹುಟ್ಟಿದವ್ರು. ಆಕಿ ಕೈಲೆ ಉಳಿಸಲಿಕ್ಕೆ ಆಗದ ಕೂಸೂ ಇದ್ದವು. ಅವನ್ನ ನೆನಸಿ, ಊರಿಗೊಂದು ಮದ್ದಿನ ಮನಿ ಬೇಕು, ಒಬ್ಬ ವೈದ್ಯ ಬೇಕು ಅಂತ ಅರಮನಿಗೆ ಹೇಳಿ ಕಳಿಸಿದ್ಳು.

ರಾಜ ಬಂದ. ಒಂದು ಕಲ್ಲು ನೆಟ್ಟ. ನಾಕು ಖೋಲಿ ಮನಿ ಕಟ್ಟಸ್ತೀನಿ ಅಂದ.

ಆ ನಾಡಿನ ಪದ್ಧತಿ ಏನು ಗೊತ್ತೇನ್ರಿ? ಕೆಲಸ ಮುಗಿದ ಮ್ಯಾಲ ಆರತಿ. ಬಾವಿಯಾಗ ನೀರು ಬಂದ್ರ ತೋಡಿದವನಿಗೆ ಆರತಿ, ಮನಿ ಎದ್ದು ನಿಂತ್ರ ಕಟ್ಟಿದವನಿಗೆ ಆರತಿ. ಬರೇ ಕಲ್ಲು ನೆಟ್ಟವನಿಗೆ ಯಾರೂ ಬೆಳಗಿದ್ದಿಲ್ಲ. ಆದ್ರ ರಾಜ ಹೋಗದ ನಿಂತಿದ್ದ. ಹಂಗ ಕಳಸೂದು ಹೆಂಗ? ಹಿರಿ ಮುತ್ತೈದಿ ಅಂತ ಗಂಗಿಮಾಳವ್ವನೇ ತಾಟು ಹಿಡಿದು ಬೆಳಗಿದ್ಳು.

ಎರಡನೇ ವರ್ಷ ಮತ್ತ ಬಂದ. ನಾಕು ಖೋಲಿ ನಿಮಗ ಸಾಲಂಗಿಲ್ಲ, ಹನ್ನೆರಡು ಮಾಡ್ತೀನಿ ಅಂದ. ಮತ್ತ ಬೆಳಗಿದ್ಳು. ಮೂರನೇ ವರ್ಷ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಅಂತ ವರ್ಷಿಡೀ ಜಗಳಾಡಿದ ಮಂತ್ರಿಗಳು ಕಡೀಕ ಪೂರ್ವಕ್ಕ ಒಪ್ಪಿದ್ರು ಅಂತ ಹೇಳಲಿಕ್ಕೆ ಬಂದ. ಕಲ್ಲಿನ ಮ್ಯಾಲ ಕೋಳಿ ಕುಂತಿದ್ವು. ಅವನ್ನ ಓಡಿಸಿ ಬೆಳಗಿದ್ಳು, ಏನ್ ಹೇಳ್ಲಿ.

ಅದೇ ವರ್ಷ ಆಕಿ ಮಗಳು ಸಾತವ್ವ ಹೆರಿಗಿಗೆ ಬಂದ್ಳು. ಕೂಸು ಅಡ್ಡ ತಿರುಗಿತ್ತು. ಇದು ತನ್ನ ಕೈಲೆ ಆಗೂದಲ್ಲ ಅಂತ ಹೊಟ್ಟಿ ಮುಟ್ಟಿದ ಕೂಡ್ಲೆ ತಾಯಿಗೆ ತಿಳೀತು. ಗಾಡಿ ಕಟ್ಟಿಸಿ ಅರಮನಿ ವೈದ್ಯನ ಬಾಗಿಲಿಗೆ ಒಯ್ದಳು. ಅಲ್ಲಿ ನಿಂತ ಕಾರಭಾರಿ ಯಾವೂರು ಅಂತ ಕೇಳಿದ. ಹೇಳಿದ್ಳು.

"ನಿಮ್ಮೂರಾಗ ಮದ್ದಿನ ಮನಿ ಐತೆಲ್ಲವಾ. ಮೂರು ಸಲ ಆರತಿ ಆಗೈತಿ. ಅಲ್ಲೇ ತೋರಸ್ರಿ."

ಅಲ್ಲಿ ಬರೇ ಕಲ್ಲೈತಿ ಅಂದ್ಳು. ಕಾಲು ಹಿಡಿದ್ಳು. ಕೆಲಸ ಆಗದ ಯಾರರ ಆರತಿ ಮಾಡ್ತಾರೇನು ಅಂತ ಅವ ಕೇಳಿದ. ಆಕಿ ಚೀರಿ ಬಾಗಿಲು ಬಡದ್ಳು. ಗದ್ದಲ ಕೇಳಿ ವೈದ್ಯ ಹೊರಗ ಬರೂದ್ರಾಗ ಸಾತವ್ವನೂ ಇಲ್ಲ, ಕೂಸೂ ಇಲ್ಲ.

ಗಾಡ್ಯಾಗ ಮಗಳ ತಲಿ ತೊಡಿ ಮ್ಯಾಲ ಇಟ್ಕೊಂಡು, ನಾನೇ ಬೆಳಗಿದ್ನೆಲ್ಲಾ ಯವ್ವಾ, ನಾನೇ ಬೆಳಗಿದ್ನೆಲ್ಲಾ ಅಂತ ಊರು ಬರೂತನಕ ಅಂದ್ಳು.

ನಾಕನೇ ವರ್ಷ ರಾಜ ಮತ್ತ ಬಂದ. ಖೋಲಿ ಹದಿನಾರು ಅಂದ. ತಾಟು ಗಂಗಿಮಾಳವ್ವನ ಕೈಗೆ ಕೊಟ್ರು. ಆಕಿ ಅದನ್ನ ನೆಲಕ್ಕ ಇಟ್ಳು.

"ದೊರಿ, ಮೊದಲು ವೈದ್ಯನ್ನ ಕಳಸ್ರಿ. ಬೆಳಗೂ ಮಾತು ಆಮ್ಯಾಲ. ಇದನ್ನ ನಾ ಮೊದಲನೇ ವರ್ಷನೇ ಹೇಳಬೇಕಾಗಿತ್ರಿ."

ರಾಜನ ಮಾರಿ ಸಣ್ಣದಾತು. ಹಿರಿಯರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಊರಿಗೆ ಬಂದ ರಾಜನ್ನ ಹಂಗ ಕಳಸೂದಾ? ಆ ಸಂಕೋಚ ತಡೀಲಾರದ, ಪಾರವ್ವ ಅನ್ನೂ ಸಣ್ಣ ವಯಸ್ಸಿನ ಸೊಸಿ ಒಬ್ಬಾಕಿ ಹಿಂದಿನಿಂದ ಬಂದು ತಾಟು ಎತ್ತಿಕೊಂಡ್ಳು. ಬಗ್ಗಿ ಎತ್ತೂದು ಆಕಿಗೆ ಭಾಳ ತ್ರಾಸಾತು. ಏಳು ತಿಂಗಳ ಬಸುರಿ ಇದ್ಳು.

ಬ್ಯಾಡವಾ ಅಂತ ಗಂಗಿಮಾಳವ್ವ ಕೈ ಚಾಚಿದ್ಳು. ಅಷ್ಟರಾಗ ಪಾರವ್ವ ಬೆಳಗಿ ಮುಗಿಸಿದ್ಳು.

ಹೇಳಿದವ ನಾನು, ಕೇಳಿದವ್ರು ನೀವು. ಆ ಮನಿ ಕಟ್ಟಿದವ್ರು ಮಾತ್ರ ಯಾರೂ ಇಲ್ರಿ.