ಕಡಲ ದಂಡೆಯಲ್ಲಿ ಸಿಕ್ಕ ಒಂದು ಜೊತೆ ಚಪ್ಪಲಿ

ಹೆಸರು: ನರಸಿಂಹಪ್ಪ ಬಿನ್ ಲೇಟ್ ಮುನಿಗಂಗಪ್ಪ, 52 ವರ್ಷ, ರೇಷ್ಮೆ ಕೃಷಿ, ವಾಸ ದಿಬ್ಬೂರಹಳ್ಳಿ ಗ್ರಾಮ, ಶಿಡ್ಲಘಟ್ಟ ತಾಲ್ಲೂಕು.

ನಾನು ಈ ದಿನ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನ್ನ ತಾಯಿ ಓಬಳಮ್ಮ, 74 ವರ್ಷ, ಕಾಣೆಯಾಗಿದ್ದಾರೆಂದು ನನ್ನ ತಮ್ಮ ವೆಂಕಟರಾಮಪ್ಪ ದಿನಾಂಕ 13-02-2025ರಂದು ಇಲ್ಲಿ ದೂರು ಕೊಟ್ಟಿದ್ದು, ಅವರು ಅದೇ ದಿನ ಸಿಕ್ಕಿರುತ್ತಾರೆ. ನಡೆದ ವಿಷಯ ಹೀಗಿದೆ.

ರೇಷ್ಮೆಗೂಡು ಮಾರಿ, ಹುಳು ಸಾಕುವ ಮನೆ ತೊಳೆದು, ಸುಣ್ಣ ಹೊಡೆದು ಬೀಗ ಹಾಕಿದ್ದೆವು. ಮುಂದಿನ ಬೆಳೆಗೆ ಎಂಟು ದಿನ ಬಿಡುವಿತ್ತು. ಸಾಯುವುದರೊಳಗೆ ಒಂದು ಸಲ ಸಮುದ್ರ ನೋಡಬೇಕೆಂದು ತಾಯಿ ಬಹಳ ದಿನದಿಂದ ಹೇಳುತ್ತಿದ್ದರು. ಆದ್ದರಿಂದ 11ರಂದು ನಾನು, ನನ್ನ ಹೆಂಡತಿ ತನುಜ ಮತ್ತು ತಾಯಿ ರೈಲಿನಲ್ಲಿ ಹೊರಟು, 12ರಂದು ತಮಿಳುನಾಡಿನ ತರಂಗಂಬಾಡಿ ಸೇರಿದೆವು. ಅದು ಹಿಂದೆ ಡ್ಯಾನಿಷ್ ಜನ ಗೋಡೆ ಕಟ್ಟಿಕೊಂಡು ಇದ್ದ ಊರು. ಒಂದು ತುದಿಗೆ ಊರಬಾಗಿಲು, ಇನ್ನೊಂದು ತುದಿಗೆ ಕೋಟೆ ಮತ್ತು ಸಮುದ್ರ. ನಡುವೆ ಸುಮಾರು ಅರ್ಧ ಕಿಲೋಮೀಟರ್ ಬೀದಿ. ನಮ್ಮ ಲಾಡ್ಜ್ ಬಾಗಿಲಿನ ಹೊರಗಿತ್ತು.

13ರಂದು ಬೆಳಿಗ್ಗೆ 10 ಗಂಟೆಗೆ ನಾವು ಕೋಟೆ ನೋಡಲು ಹೋದೆವು. ತಾಯಿ ತನಗೆ ಗೋಡೆ ನೋಡಿ ಸಾಕಾಯಿತು, ನೀರು ನೋಡುತ್ತೇನೆ ಎಂದು ದಂಡೆಯ ನೆರಳಿನಲ್ಲಿ ಕೂತರು. ಅರ್ಧ ಗಂಟೆಯಲ್ಲಿ ಬರುತ್ತೇವೆಂದು ಹೇಳಿದ್ದೆವು. ಫಿರಂಗಿಗಳ ಪಕ್ಕ ನಿಂತು ಫೋಟೊ ತೆಗೆಯುತ್ತಾ ನಾನೇ ತಡಮಾಡಿದೆ. ವಾಪಸ್ ಬಂದಾಗ 11.20. ತಾಯಿ ಇರಲಿಲ್ಲ.

ಅಲ್ಲಿಂದ 30 ಅಡಿ ದೂರದಲ್ಲಿ ಅವರ ಚಪ್ಪಲಿ ಇದ್ದವು. ಬಲಗಾಲಿನದರ ಬಾರಿಗೆ ನಾನೇ ಪಿನ್ನು ಹಾಕಿಕೊಟ್ಟಿದ್ದರಿಂದ ಗುರುತಿಸಿದೆ. ಗುಡಿಯ ಮುಂದೆ ಬಿಡುವ ಹಾಗೆ ಜೋಡಿಸಿ ಬಿಟ್ಟಿದ್ದರು. ಮುಂಭಾಗ ನೀರಿನ ಕಡೆಗಿತ್ತು.

ನಾವು ಸಮುದ್ರದ ಕಡೆ ಮಾತ್ರ ಹುಡುಕಿದೆವು. ಇಬ್ಬರು ಮೀನುಗಾರರು ನಮ್ಮ ಭಾಷೆ ಬಾರದಿದ್ದರೂ ಚಪ್ಪಲಿ ನೋಡಿ ದೋಣಿ ಇಳಿಸಿದರು. 12.40ಕ್ಕೆ ತಮ್ಮನಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಅವನು ಹೆದರಿ ಇಲ್ಲಿ ದೂರು ಬರೆಸಿರುತ್ತಾನೆ.

2.15ಕ್ಕೆ, ಅಲ್ಲಿನ ಪೊಲೀಸರಿಗೆ ಕೊಡಲು ತಾಯಿಯ ಆಧಾರ್ ಕಾರ್ಡ್ ತರಲೆಂದು ಲಾಡ್ಜ್‌ಗೆ ಹೊರಟೆ. ಊರಬಾಗಿಲಿನ ಕೆಳಗೆ ತಾಯಿ ಬರಿಗಾಲಲ್ಲಿ ಕೂತು, ಕಡಲೆಕಾಯಿ ಮಾರುವ ಒಬ್ಬ ಹೆಂಗಸಿನ ಜೊತೆ ತೆಲುಗಿನಲ್ಲಿ ಮಾತಾಡುತ್ತಾ ಕಾಯಿ ಸುಲಿಯುತ್ತಿದ್ದರು. ಅವರ ಕಡೆಗೆ ಓಡಿದೆ.

ತಾಯಿ ಮೊದಲು ಹೇಳಿದ ಮಾತು: "ಚಪ್ಪಲಿ ಎದೆಗವುಚ್ಕೊಂಡು ಬರ್ತಾ ಇದ್ದೀಯಲ್ಲೋ, ಕೆಳಗೆ ಹಾಕಪ್ಪ, ನೋಡ್ದೋರು ಏನಂತಾರೆ."

ವಿಚಾರಿಸಲಾಗಿ, ಗಂಗಮ್ಮನನ್ನು ಚಪ್ಪಲಿ ಕಾಲಿನಲ್ಲಿ ಮುಟ್ಟಬಾರದೆಂದು ಅವನ್ನು ಬಿಟ್ಟು ನೀರಿಗಿಳಿದರಂತೆ. ಬಲೆ ಎಳೆಯುವುದನ್ನು ನೋಡುತ್ತಾ ದಂಡೆಯಲ್ಲಿ ಬಹಳ ದೂರ ಹೋಗಿ, ಬಂದ ಜಾಗ ತಿಳಿಯದೆ ಬೀದಿಗೆ ಹತ್ತಿದರಂತೆ. ನಮ್ಮ ಕಡೆ ಹಳ್ಳಿಗಳಲ್ಲಿ ಯಾರಾದರೂ ಬರುವುದು ತಡವಾದರೆ ಊರಬಾಗಿಲಲ್ಲಿ ಕಾಯುವುದು ರೂಢಿ. ಅಷ್ಟು ದೂರದ ಊರಲ್ಲಿ ನಮ್ಮನ್ನು ಅಲ್ಲೇ ಯಾಕೆ ಕಾದೆ ಎಂದು ಕೇಳಿದೆ.

"ಊರಿಗೆ ಗೋಡೆ ಐತೆ ಅಂದ್ಮೇಲೆ ಬಾಗ್ಲು ಇರ್ಲೇಬೇಕಲ್ಲಪ್ಪ. ನೀವು ನನ್ನ ಬಿಟ್ಟೋಗೋದಾದ್ರೂ ಇಲ್ಲಿಂದ್ಲೇ ತಾನೇ ಹೋಗ್ಬೇಕು?" ಎಂದರು.

ಮೀನುಗಾರರಿಗೆ ಹೇಳಿಕಳಿಸಿ ದೋಣಿ ವಾಪಸ್ ಕರೆಸಿದೆವು. ತಮ್ಮನಿಗೂ ತಿಳಿಸಿದೆ. ಅವನು ಫೋನಿನಲ್ಲಿ ಮೊದಲು ಬೈದು ಆಮೇಲೆ ಅತ್ತ. ತಕ್ಷಣ ಹೊರಡೋಣವೆಂದು ನಾನು ಹೇಳಿದರೂ ತಾಯಿ ಒಪ್ಪದ ಕಾರಣ ಮರುದಿನವೂ ಸಮುದ್ರಕ್ಕೆ ಹೋದೆವು. ತನುಜ ಅತ್ತೆಯ ಸೆರಗಿನ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. 15ರಂದು ಊರು ತಲುಪಿದೆವು.

ಈ ವಿಷಯದಲ್ಲಿ ಯಾರ ಮೇಲೂ ಅನುಮಾನವಿಲ್ಲ. ತಪ್ಪು ನನ್ನದೇ. ದೂರನ್ನು ಮುಕ್ತಾಯ ಮಾಡಬೇಕೆಂದು ಕೋರುತ್ತೇನೆ. ತಾಯಿ ಈಗ ಠಾಣೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬೆಂಚಿನ ಮೇಲೆ ಕೂತಿದ್ದಾರೆ. ಮೇಲೆ ಬರೆಸಿರುವುದೆಲ್ಲ ನಾನೇ ಹೇಳಿದ ನಿಜ ಸಂಗತಿ. ಓದಿಸಿ ಕೇಳಿ, ಚಪ್ಪಲಿಯನ್ನೂ ಅವರನ್ನೂ ಇನ್ನೊಂದು ಸಲ ನೋಡಿಕೊಂಡು ರುಜು ಮಾಡಿರುತ್ತೇನೆ.

ಸ್ಥಳ: ದಿಬ್ಬೂರಹಳ್ಳಿ
ದಿನಾಂಕ: 16-02-2025

(ಸಹಿ) ನರಸಿಂಹಪ್ಪ